ಫಲ ಕಂಡ ದಾಸೋಹ

ಫಲ ಸಿಕ್ಕ ಸೇವೆ ದಾಸೋಹವಾಗಿ ಉಳಿಯುತ್ತದೆಯೇ? ಜಮಖಂಡಿಯ ಶಾಸಕರಾಗಿದ್ದ ಸಿದ್ದು ನ್ಯಾಮಗೌಡರ ಬದುಕು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಸರ್ಕಾರದ ದಾರಿ ಕಾಯದೆ ಕೃಷ್ಣಾ ತೀರದ ರೈತರು ತಾವೇ ವಂತಿಗೆ ಹಾಕಿ, ಮೈಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಮುಂದೆ ನಿಂತವರು ನ್ಯಾಮಗೌಡರು. 1991ರಲ್ಲಿ ಅವರು ಬಾಗಲಕೋಟೆಯಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರಂಥವರನ್ನೇ ಸೋಲಿಸಿ ಲೋಕಸಭೆಗೆ ಹೋದರು, ಕೇಂದ್ರದಲ್ಲಿ ಮಂತ್ರಿಯೂ ಆದರು. ಹಾಗಾದರೆ ಆ ಬೆವರು ಮತಕ್ಕೆ ಹೂಡಿದ ಬಂಡವಾಳವಾಯಿತಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ರೈತರು ಕೊಟ್ಟದ್ದೂ ಸ್ವಂತ ಹೊಲದ ನೀರಿಗಾಗಿಯೇ ಎನ್ನಬಹುದು.

ಆದರೆ ದಾಸೋಹವನ್ನು ಸಾರಿದ ಶರಣರ ಕಾಯಕ ಹೊಟ್ಟೆಪಾಡನ್ನು ಎಂದೂ ಹಳಿಯಲಿಲ್ಲ. ಗಳಿಕೆ ಇದ್ದರೆ ತಾನೇ ದಾಸೋಹ? ದಾನವನ್ನೂ ದಾಸೋಹವನ್ನೂ ಬೇರೆ ಮಾಡುವುದು ಫಲವಲ್ಲ, ‘ನಾನು ಕೊಟ್ಟೆ’ ಎಂಬ ಭಾವ. ಈ ಬ್ಯಾರೇಜಿನ ಕೆಲಸದಲ್ಲಿ ಕೊಡುವವನು ಮೇಲೆ, ಬೇಡುವವನು ಕೆಳಗೆ ಎಂಬುದೇ ಇರಲಿಲ್ಲ. ಕೊಟ್ಟವರೂ ಪಡೆದವರೂ ಅದೇ ರೈತರು. ಕಟ್ಟೆಗೆ ಬಿದ್ದ ಹೆಸರನ್ನೇ ನೋಡಿ: ಶ್ರಮಬಿಂದು ಸಾಗರ. ಅದು ಹಣೆಯಿಂದ ಜಾರಿದ ಬೆವರ ಹನಿಯ ಹೆಸರು, ಯಾವ ಧಣಿಯದೂ ಅಲ್ಲ. ನ್ಯಾಮಗೌಡರ ಹೆಸರು ಬ್ಯಾರೇಜಿಗೆ ಅಂಟಲಿಲ್ಲ, ಬ್ಯಾರೇಜೇ ಅವರ ಹೆಸರಿಗೆ ಅಂಟಿತು. ಜನರ ಬಾಯಲ್ಲಿ ಅವರು ‘ಬ್ಯಾರೇಜ್ ಸಿದ್ದು’. ಎರಡನೇ ಸಲ ಶಾಸಕರಾಗಿ ಆಯ್ಕೆಯಾದ ಕೆಲವೇ ದಿನಗಳಲ್ಲಿ, 2018ರ ಮೇ 28ರಂದು, ರಸ್ತೆ ಅಪಘಾತದಲ್ಲಿ ತೀರಿಕೊಂಡಾಗಲೂ ಊರು ಮೊದಲು ನೆನೆದದ್ದು ಮಂತ್ರಿಗಿರಿಯನ್ನಲ್ಲ, ಆ ಕಟ್ಟೆಯನ್ನು.