ನೋವಿನ ಕರ್ತೃ ಯಾರು?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊಣಕೈ ಹಿಡಿದುಕೊಂಡು ಅಂಗಳದಿಂದ ಹೊರಬಂದು ರ‍್ಯಾಕೆಟ್ಟನ್ನು ದೂರುವ ಟೆನಿಸ್ ಆಟಗಾರನಿಗೂ ಜನ ಇದೇ ಗಾದೆ ಹೇಳುತ್ತಾರೆ. ಆದರೆ ಕೆಲವೊಮ್ಮೆ ನೆಲವೂ ಡೊಂಕಿರುತ್ತದೆ.

ಮರದ ಕಾಲದ ರ‍್ಯಾಕೆಟ್ಟುಗಳು 370ರಿಂದ 400 ಗ್ರಾಂ ತೂಗುತ್ತಿದ್ದವು. ಗ್ರಾಫೈಟ್ ಬಂದ ಮೇಲೆ ಹವ್ಯಾಸಿಗಳ ಕೈಗೆ 250ರಿಂದ 280 ಗ್ರಾಂನವು ಸಿಕ್ಕವು. ಹಗುರವಾದದ್ದೇ ತೋಳಿಗೆ ಹಿತ ಎಂದು ಅಂಗಡಿಯಲ್ಲಿ ಎತ್ತಿ ನೋಡಿದ ಯಾರಿಗಾದರೂ ಅನ್ನಿಸುತ್ತದೆ. ಭೌತಶಾಸ್ತ್ರ ಅದನ್ನು ಒಪ್ಪುವುದಿಲ್ಲ. 58 ಗ್ರಾಂ ಆಸುಪಾಸಿನ ಚೆಂಡು ತಂತಿಯ ಮೇಲೆ ಇರುವುದು ನಾಲ್ಕೈದು ಮಿಲಿಸೆಕೆಂಡು ಮಾತ್ರ. ಆ ಹೊಡೆತಕ್ಕೆ ಭಾರದ ಚೌಕಟ್ಟು ಹೆಚ್ಚು ಅಲುಗುವುದಿಲ್ಲ. ಹಗುರದ್ದು ಹಿಂದಕ್ಕೆ ಒದೆಯುತ್ತದೆ, ತಿರುಚುತ್ತದೆ. ಆ ಒದೆತವನ್ನು ತಾಳಿಕೊಳ್ಳಬೇಕಾದದ್ದು ಮೊಣಕೈಯ ಹೊರಮೂಳೆಗೆ ಅಂಟಿಕೊಂಡ ಸಣ್ಣ ಸ್ನಾಯುರಜ್ಜು. ರ‍್ಯಾಕೆಟ್ಟು ಇಳಿಸಿದ ಹೊರೆಯನ್ನು ಮೈ ಹೊತ್ತುಕೊಂಡಿತು.

ಹಾಗೆಂದು, ಸೀಸದ ಪಟ್ಟಿ ಅಂಟಿಸಿ 400 ಗ್ರಾಂ ಹತ್ತಿರಕ್ಕೆ ಒಯ್ದ ಟೆನಿಸ್ ಚಾಂಪಿಯನ್ ಪೀಟ್ ಸಾಂಪ್ರಾಸ್‌ನ ರ‍್ಯಾಕೆಟ್ಟು ಎಲ್ಲರಿಗೂ ಮದ್ದಲ್ಲ. ತೋಳಿಗೆ ಮೀರಿದ ಭಾರ ಬೀಸುವವನ ಹೊಡೆತ ತಡವಾಗುತ್ತದೆ; ಭುಜವೂ ಮಣಿಕಟ್ಟೂ ಸೋಲುತ್ತವೆ.

ಹಾಗಾದರೆ ನೋವು ಯಾರು ಮಾಡಿದ್ದು?

ಮೊಣಕೈಯ ಈ ಬೇನೆಯನ್ನು ಮೊದಲು ವರ್ಣಿಸಿದವನು ಜರ್ಮನ್ ವೈದ್ಯ ರುಂಗೆ, 1873ರಲ್ಲಿ, ಬರೆಯುವವರ ಕೈಸೆಳೆತದ ಕುರಿತ ಲೇಖನದಲ್ಲಿ. ಲಾನ್ ಟೆನಿಸ್ಸಿಗೆ ಬ್ರಿಟಿಷ್ ಸೇನಾಧಿಕಾರಿ ವಿಂಗ್‌ಫೀಲ್ಡ್ ಪೇಟೆಂಟ್ ಪಡೆದದ್ದು ಅದರ ಮರುವರ್ಷ. 1883ರ ಹೊತ್ತಿಗೆ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಟೆನಿಸ್ಸಿನ ಹೆಸರು ಮೊಣಕೈಗೆ ಅಂಟಿತು. ಇಂದಿಗೂ ಈ ನೋವು ಬಂದ ಹೆಚ್ಚಿನವರು ರ‍್ಯಾಕೆಟ್ಟನ್ನೇ ಹಿಡಿದವರಲ್ಲ. ಬಡಗಿಗಳು, ನಲ್ಲಿ ಕೆಲಸದವರು. ಕೆಲವೇ ಗ್ರಾಂ ತೂಗುವ ಲೇಖನಿಯಿಂದಲೂ ಬರುವ ನೋವಿಗೆ ತೂಕವೊಂದನ್ನೇ ಹೊಣೆ ಮಾಡುವುದು ಹೇಗೆ?

ಭಗವದ್ಗೀತೆಯ 18ನೇ ಅಧ್ಯಾಯ ಪ್ರತಿ ಕರ್ಮಕ್ಕೂ ಐದು ಕಾರಣ ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ನೊಂದ ಮೊಣಕೈಯಲ್ಲಿ ಐದೂ ಅದೇ ಕ್ರಮದಲ್ಲಿ ಕಾಣುತ್ತವೆ: ವಯಸ್ಸಿಗೆ ಸವೆದ ರಜ್ಜು, ವಿಶ್ರಾಂತಿ ಒಲ್ಲದ ಆಟಗಾರ, ಹಗುರ ರ‍್ಯಾಕೆಟ್ಟಿಗೆ ಬಿಗಿದ ಗಡಸು ಪಾಲಿಯೆಸ್ಟರ್ ತಂತಿ, ಮಣಿಕಟ್ಟು ಬಾಗಿಸಿ ಬೀಸಿದ ಬ್ಯಾಕ್‌ಹ್ಯಾಂಡ್, ಗಾಳಿಗೆ ಓಲಿ ಅಂಚಿಗೆ ಬಡಿದ ಚೆಂಡು. ತಾನೊಬ್ಬನೇ ಕರ್ತೃ ಎಂದುಕೊಳ್ಳುವವನು ಸರಿಯಾಗಿ ಕಾಣುತ್ತಿಲ್ಲ ಎಂದೂ ಅದೇ ಅಧ್ಯಾಯ ಹೇಳುತ್ತದೆ. ನೊಂದವನನ್ನು ಹಂಗಿಸುವವರು ಇದನ್ನು ನೆನೆಯಬೇಕು.

ಗೀತೆಗೆ ಶಂಕರರು ಬರೆದ ಭಾಷ್ಯದಲ್ಲಿ ಕರಣವೆಂದರೆ ಕಿವಿಯೇ ಮೊದಲಾದ ಇಂದ್ರಿಯಗಳು. ರ‍್ಯಾಕೆಟ್ಟಿಗೆ ಆ ಮಾತು ಒಪ್ಪುತ್ತದೆಯೇ? ಕುರುಡನ ಕೋಲು ಅವನಿಗೆ ಹೊರಗಿನ ವಸ್ತುವಲ್ಲ, ಅದರ ತುದಿಯೇ ಅವನ ಸ್ಪರ್ಶ ಎಂದು ಫ್ರೆಂಚ್ ದಾರ್ಶನಿಕ ಮೆರ್ಲೋ-ಪಾಂಟಿ 1945ರಲ್ಲಿ ಬರೆದ. ಪಳಗಿದ ಆಟಗಾರನೂ ಚೆಂಡು ತಂತಿಯ ಎಲ್ಲಿ ತಾಗಿತೆಂದು ಕಣ್ಣು ಹಾಯಿಸದೆ ಬಲ್ಲ. ರ‍್ಯಾಕೆಟ್ಟು ಅವನ ಮೈಯ ತುದಿ. ಆದ್ದರಿಂದಲೇ ಅದರ ತೂಕದ ಆಯ್ಕೆ ಅಂಗಡಿಯ ಲೆಕ್ಕಕ್ಕೆ ಮುಗಿಯುವುದಿಲ್ಲ.

ಚಿಕಿತ್ಸೆಯ ಕೊಠಡಿಯಲ್ಲಿ ಭಾರ ಮತ್ತೆ ಎದುರಾಗುತ್ತದೆ. ಫಿಸಿಯೋಥೆರಪಿಸ್ಟ್ ರೋಗಿಯ ಮುಂಗೈಯನ್ನು ಮೇಜಿನ ಮೇಲಿರಿಸಿ ಸಣ್ಣ ಡಂಬೆಲ್ ಹಿಡಿಸುತ್ತಾರೆ. ಅದನ್ನು ಎತ್ತುವಾಗ ಇನ್ನೊಂದು ಕೈ ನೆರವಾಗಬಹುದು. ಇಳಿಸುವುದು ಮಾತ್ರ ನೊಂದ ಕೈಯೊಂದೇ, ನಿಧಾನವಾಗಿ, ಮತ್ತೆ ಮತ್ತೆ.