ಓದಿಗೆ ಒಡನಾಟ

ಹೊಳಲ್ಕೆರೆಯ ಕಡೆಯ ಒಂದು ಮನೆಯಲ್ಲಿ, ದೀಪ ಹಚ್ಚುವ ಹೊತ್ತಿನ ಕುಟುಂಬಪ್ರಾರ್ಥನೆಗೆ ಎಲ್ಲರೂ ಕೂಡಿದ್ದಾಗ, ಅಡಕೆಹಾಳೆಯ ಸೀಳೊಂದನ್ನು ಗುರುತಿಗಿಟ್ಟಿದ್ದ ಸತ್ಯವೇದವನ್ನು ತೆರೆದು ಬಾಲಕನೊಬ್ಬನು ಓದುತ್ತಿರಲು, ಗೋಡೆಗೊರಗಿ ಕುಳಿತಿದ್ದ ಅವನ ಅಜ್ಜಿ ನಡುವೆಯೇ ತಡೆದು, "ಒಂದು ವಚನ ಬಿಟ್ಟೆಯಲ್ಲೋ ಮಗಾ" ಎಂದುದನ್ನು ನಾನು ಕೇಳಿದ್ದೇನೆ. ಬಾಲಕನು ಬೆರಳನ್ನು ಹಿಂದಕ್ಕೆ ಸರಿಸಿ ನೋಡಿದನು, ಬಿಟ್ಟಿದ್ದುದು ನಿಜ. ಆ ವೃದ್ಧೆಗೆ ಅಕ್ಷರ ಬಾರದು. ದಿನದಿನವೂ ಮನೆಯವರು ಓದಿದುದನ್ನು ಕೇಳಿ ಕೇಳಿಯೇ ಗ್ರಂಥವು ಆಕೆಯ ಅಂತರಂಗದಲ್ಲಿ ನೆಲೆಗೊಂಡಿತ್ತು.

ಶಾಸ್ತ್ರಪಠನವು ಕೇವಲ ಏಕಾಂತದ ಸಾಧನೆಯೆಂಬ ಭಾವನೆಯನ್ನು ಆ ಸಂಜೆಯಿಂದೀಚೆಗೆ ನಾನು ಒಪ್ಪಲಾರದವನಾಗಿದ್ದೇನೆ. ಅಪೊಸ್ತಲರ ಕೃತ್ಯಗಳಲ್ಲಿ ಬರುವ ಐಥಿಯೋಪ್ಯದ ಕಂಚುಕಿಯು ರಥದಲ್ಲಿ ಕುಳಿತು ಯೆಶಾಯನ ಪ್ರವಾದನೆಯನ್ನು ಓದುತ್ತಿದ್ದಾಗ, ಫಿಲಿಪ್ಪನು ಓಡಿಬಂದು ಅರ್ಥವಾಯಿತೇ ಎಂದು ವಿಚಾರಿಸಲು, ತಿಳಿಸಿಕೊಡುವವರಿಲ್ಲದೆ ತಿಳಿಯುವುದೆಂತೆಂದು ಉತ್ತರಿಸಿ, ಅವನನ್ನು ರಥಕ್ಕೆ ಹತ್ತಿಸಿಕೊಂಡು ತನ್ನ ಪಕ್ಕದಲ್ಲಿಯೇ ಕುಳ್ಳಿರಿಸಿಕೊಂಡನು. ಒಬ್ಬರು ಭಾರತವನ್ನು ವಾಚಿಸಿ ಮತ್ತೊಬ್ಬರು ಅರ್ಥ ಹೇಳುವ ಗಮಕದ ಪದ್ಧತಿಯನ್ನು ಕಂಡಿರುವ ಕನ್ನಡಿಗರಿಗೆ ಈ ದೃಶ್ಯವು ಅಪರಿಚಿತವೆನಿಸದು.

ನಮ್ಮ ಚಿತ್ರದುರ್ಗ ಜಿಲ್ಲೆಗೆ ನೆರೆಯಾದ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು ಕನ್ನಡವನ್ನು ಕಲಿತು ಕೈಗೊಂಡ ಭಾಷಾಂತರವು ಸಮಗ್ರ ಸತ್ಯವೇದವಾಗಿ ಹೊರಬಂದುದು 1831ರಲ್ಲಿ. ಎರಡು ದಶಕಗಳ ಪರಿಶ್ರಮದಿಂದ ಕೈಸೇರಿದ ಗ್ರಂಥವು ಇಂದು ಎಷ್ಟೋ ಮನೆಗಳಲ್ಲಿ ಭಾನುವಾರದ ಚೀಲದಿಂದ ಹೊರಬರುವುದೇ ಇಲ್ಲವೆಂಬುದು ನನಗೆ ದುಃಖದ ಸಂಗತಿ. ಅದರ 66 ಪುಸ್ತಕಗಳ 1189 ಅಧ್ಯಾಯಗಳನ್ನು ವಾರದ ದಿನಗಳಲ್ಲಿ ಮೂರರಂತೆ, ಭಾನುವಾರ ಐದರಂತೆ ಓದಿದರೆ ವರ್ಷದೊಳಗೆ ಮುಗಿಸಬಹುದು. ಆದರೂ ಹೊಸವರ್ಷದ ಸಂಕಲ್ಪವು ಫೆಬ್ರವರಿಯ ಹೊತ್ತಿಗೆ ಯಾಜಕಕಾಂಡದ ಬಲಿವಿಧಿಗಳ ನಡುವೆ ಸೋತು ನಿಲ್ಲುವುದುಂಟು. ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಸಭಾಪಾಲಕ ರಾಬರ್ಟ್ ಮರೆ ಮಕ್‌ಚೇನ್ ಅವರು 1842ರಲ್ಲಿ ತಮ್ಮ ಸಭೆಗೆ ಒಂದು ಪಠನಕ್ರಮವನ್ನು ರಚಿಸಿಕೊಟ್ಟುದರ ಹಿಂದೆ, ಸಭೆಯವರೆಲ್ಲರೂ ಒಂದೇ ದಿನ ಒಂದೇ ಭಾಗವನ್ನು ಓದುತ್ತಿರಬೇಕೆಂಬ ಆಶಯವಿತ್ತು. ಓದು ಬರಿಯ ಆಚಾರವಾಗಿಬಿಡುವ ಅಪಾಯದ ಕುರಿತು ಅವರೇ ಮೊದಲು ಎಚ್ಚರಿಸಿದ್ದರು.

ಆ ಎಚ್ಚರಿಕೆ ನ್ಯಾಯವಾದುದೇ. ಆದರೂ ಭಾವ ಉಕ್ಕಿದ ದಿನ ಮಾತ್ರ ಓದುವೆನೆಂಬುವರಿಗೆ ಹಿರಿಯೂರಿನ ಮಾರಿಕಣಿವೆಯ ಕಟ್ಟೆಯನ್ನು ತೋರಿಸಬೇಕೆಂದು ನನಗೆ ತೋರುತ್ತದೆ. 1907ರಲ್ಲಿ ಮುಗಿದ ಆ ಕಟ್ಟೆ 1933ರಲ್ಲಿ ಕೋಡಿ ಹರಿದ ಮೇಲೆ, ಮತ್ತೆ ಕೋಡಿ ಬಿದ್ದುದು 89 ವರ್ಷಗಳ ತರುವಾಯ, 2022ರಲ್ಲಿ. ಕಟ್ಟೆಯು ಮಳೆಯನ್ನು ತರಲಾರದು. ಆದರೆ ಅದು ಅಷ್ಟು ಕಾಲ ನಿಂತಿದ್ದುದರಿಂದಲೇ ಬಂದ ನೀರು ವೇದಾವತಿಯಲ್ಲಿ ಹರಿದು ವ್ಯರ್ಥವಾಗದೆ ಉಳಿಯಿತು. ಮನಸ್ಸು ತೇವಗೊಳ್ಳದ ದಿನದ ಓದೂ ಅಂತಹುದೇ.

ಆದರೆ ಬರಗಾಲದಲ್ಲಿ ಕಟ್ಟೆಯನ್ನು ಕಾಯುವುದು ಒಬ್ಬರಿಂದ ಆಗತಕ್ಕ ಕೆಲಸವಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಕ್ರೈಸ್ತ ಮನೆಗಳು ವಿರಳ; ಊರಿಂದ ಊರಿಗೆ ದಾರಿಯೂ ದೂರ. ಅಂತಹ ಕಡೆ, "ಅಕ್ಕಾ, ಇವತ್ತಿನ ಅಧ್ಯಾಯ ಆಯಿತೇ?" ಎಂಬ ಒಂದು ಮಾತಿಗಿರುವ ಬಲವನ್ನು ಅನುಭವಿಸಿದವರೇ ಬಲ್ಲರು. ಆ ಪ್ರಶ್ನೆಯು ಲೆಕ್ಕ ಕೇಳುವ ಧ್ವನಿಯಲ್ಲಿ ಇರಲಾಗದು. "ಇಲ್ಲ ತಂಗೀ, ಮೂರು ದಿನದಿಂದ ತೆರೆದೇ ಇಲ್ಲ" ಎಂದು ನಾಚಿಕೆಯಿಲ್ಲದೆ ಹೇಳುವಷ್ಟು ಸಲಿಗೆ ಇಬ್ಬರಲ್ಲಿಯೂ ಇರಬೇಕು, ಹಾಗೆ ಹೇಳಿದವಳಿಗೆ ಅಂದಿನ ಭಾಗವನ್ನು ಜೊತೆಯಲ್ಲಿಯೇ ಓದಿಕೊಡುವ ತಾಳ್ಮೆಯೂ ಇರಬೇಕು.

ಓದುಗರೇ, ನಿಮ್ಮ ಸಭೆಯಲ್ಲಿ ಕನ್ನಡಕ ಹಾಕಿದರೂ ಅಕ್ಷರ ಕಾಣದ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಇಂದು ಸಂಜೆ ಅವರ ಮನೆಗೆ ಹೋಗಿ, ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿ ಬನ್ನಿರಿ.