ತೊಡೆಯೇರಲು ಬಂದ ಮಗು

ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಹೆಣಗಳ ನಡುವೆ ಎಡವುತ್ತಾ ನಡೆಯುವ ಭಾಗ ಪಿಯುಸಿಯಲ್ಲಿ ನಮಗೆ ಪಾಠವಾಗಿತ್ತು. ಓದುತ್ತಾ ಓದುತ್ತಾ ಮೇಷ್ಟ್ರ ಗಂಟಲು ಕಟ್ಟಿತು. ನನಗೆ ಸಿಟ್ಟು ಬಂತು. ತುಂಬಿದ ಸಭೆಯಲ್ಲಿ ದ್ರೌಪದಿಯ ಸೀರೆಗೆ ಕೈ ಹಾಕಿಸಿದವನಿಗಾಗಿ ಯಾಕೆ ಅಳಬೇಕು? ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಪುಸ್ತಕ ಮುಚ್ಚಿದೆ. ದುರಂತವೆಂದರೆ ಒಳ್ಳೆಯವರಿಗೆ ಆಗುವ ಅನ್ಯಾಯ, ಅಷ್ಟೇ. ಕೆಟ್ಟವನ ಸಾವು ಆ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಬಿ.ಎ.ಯಲ್ಲಿ ಅರಿಸ್ಟಾಟಲ್ ಬಂದ. ‘ಹಮಾರ್ಟಿಯಾ’ ಎಂಬ ಅವನ ಮಾತನ್ನು ನೋಟ್ಸಿನಲ್ಲಿ ‘ದುರಂತ ದೋಷ’ ಎಂದು ಬರೆಸಿದರು. ಒಥೆಲೊಗೆ ಸಂಶಯ, ಮ್ಯಾಕ್‌ಬೆತ್‌ಗೆ ಅಧಿಕಾರದಾಸೆ, ದುರ್ಯೋಧನನಿಗೆ ಛಲ. ಐದು ಅಂಕದ ಉತ್ತರ ಸಲೀಸಾಯಿತು. ಆ ಗ್ರೀಕ್ ಪದದ ಮೂಲದಲ್ಲಿ ಬಿಟ್ಟ ಬಾಣ ಗುರಿ ತಪ್ಪುವ ಅರ್ಥವಿದೆ ಎಂಬುದು ಬಹಳ ತಡವಾಗಿ ತಿಳಿಯಿತು. ಗುರಿ ತಪ್ಪುವುದಕ್ಕೂ ಹುಟ್ಟುಗುಣವೇ ಕೆಟ್ಟಿರುವುದಕ್ಕೂ ಎಷ್ಟು ದೂರ!

ರನ್ನನನ್ನು ಮತ್ತೆ ತೆಗೆದೆ. ಆಶ್ರಯದಾತ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹೊಗಳಲು ಹೊರಟ ಕವಿ ಅವನು. ಆದರೂ ಓದುವವರ ಮನಸ್ಸು ಸೋತವನ ಹಿಂದೆಯೇ ಹೋಗುತ್ತದೆ. ಬಿ.ಎಂ.ಶ್ರೀ ಅದನ್ನು ಕಂಡೇ 1926ರಲ್ಲಿ ಆ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ರೂಪಿಸಿದರು. ಟ್ರ್ಯಾಜಿಡಿಗೆ ಅವರು ಬಳಸಿದ ಮಾತು ‘ರುದ್ರನಾಟಕ’. ನನಗೆ ‘ದುರಂತ’ಕ್ಕಿಂತ ಅದೇ ಹೆಚ್ಚು ಸರಿ ಎನಿಸುತ್ತದೆ. ದುರಂತ ಎಂದ ಕೂಡಲೇ ನಾವು ಕೊನೆಯ ಪುಟವನ್ನಷ್ಟೇ ನೋಡುತ್ತೇವೆ.

ದುಶ್ಶಾಸನನ ಹೆಣದ ಮುಂದೆ ದುರ್ಯೋಧನ ನಿಲ್ಲುವ ಜಾಗವೊಂದಿದೆ. ತಾಯ ಹಾಲನ್ನು ಮೊದಲು ಕುಡಿದವನು ಅಣ್ಣ, ಆಮೇಲೆ ತಮ್ಮ. ಎಲ್ಲದರಲ್ಲೂ ಹಾಗೆಯೇ ನಡೆದುಬಂದ ಸರದಿ ಸಾವಿನಲ್ಲಿ ಮಾತ್ರ ತಪ್ಪಿತಲ್ಲ ಎಂದು ಅವನು ಗೋಳಾಡುತ್ತಾನೆ. ನನಗಿಂತ ನಾಲ್ಕು ವರ್ಷ ಚಿಕ್ಕವನಾದ ನನ್ನ ತಮ್ಮ ತೀರಿಕೊಂಡ ವರ್ಷ, ಹನ್ನೊಂದನೆಯ ದಿನದ ರಾತ್ರಿ, ಪಾತ್ರೆಗಳನ್ನು ಎತ್ತಿಡುತ್ತಿದ್ದಾಗ ಆ ಪದ್ಯ ತಾನಾಗಿ ನೆನಪಿಗೆ ಬಂತು. ಮೇಷ್ಟ್ರ ಗಂಟಲು ಯಾಕೆ ಕಟ್ಟಿತ್ತೆಂದು ಆಗ ಗೊತ್ತಾಯಿತು. ಅವರ ಮನೆಯಲ್ಲೂ ಯಾರ ಸರದಿ ತಪ್ಪಿತ್ತೋ, ನಾವು ಯಾರೂ ಕೇಳಿರಲಿಲ್ಲ.

ಹಾಗೆಂದು ದ್ರೌಪದಿಯನ್ನು ಮರೆಯಲು ನನ್ನಿಂದ ಆಗಲಿಲ್ಲ. ಮರೆತರೆ ಅವಳ ಸೀರೆಗೆ ಮತ್ತೊಮ್ಮೆ ಕೈ ಹಾಕಿದಂತೆ. ಪಿಯುಸಿಯ ಆ ಸಿಟ್ಟು ತಪ್ಪೆಂದು ಇಂದಿಗೂ ಅನ್ನಿಸಿಲ್ಲ. ಸಿಟ್ಟನ್ನೂ ಕಣ್ಣೀರನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೆಂದು ತೋರಿಸಿದ್ದು ಭಾಸನ ‘ಊರುಭಂಗ’. ಊರು ಎಂದರೆ ತೊಡೆ. ಸಾವನ್ನು ರಂಗದ ಮೇಲೆ ತೋರಿಸಬಾರದೆಂಬ ರೂಢಿಯನ್ನು ಮೀರಿ ಭಾಸ ದುರ್ಯೋಧನನನ್ನು ನಮ್ಮ ಕಣ್ಣೆದುರೇ ಸಾಯಿಸುತ್ತಾನೆ. ಅದಕ್ಕೂ ಮುಂಚೆ ಹೆತ್ತವರು ಬರುತ್ತಾರೆ, ಹೆಂಡತಿಯರು ಬರುತ್ತಾರೆ, ಪುಟ್ಟ ಮಗ ದುರ್ಜಯ ಬರುತ್ತಾನೆ. ಮಗುವಿಗೆ ಯುದ್ಧ ಗೊತ್ತಿಲ್ಲ, ಗದೆ ಗೊತ್ತಿಲ್ಲ. ಎಂದಿನಂತೆ ಅಪ್ಪನ ತೊಡೆಯೇರಲು ಹೋಗುತ್ತದೆ. ಅಪ್ಪ ಬೇಡವೆನ್ನುತ್ತಾನೆ. ಯಾಕೆ ಎಂದು ಮಗು ಕೇಳುತ್ತದೆ.

ಸಭೆಯಲ್ಲಿ ದ್ರೌಪದಿಗೆ ಬಟ್ಟೆ ಸರಿಸಿ ತೋರಿಸಿದ್ದು ಇದೇ ತೊಡೆಯನ್ನು.